ಪದ್ಯದ ಭಾವ

ಕುಮಟಾದಿಂದ ಭಟ್ಕಳದವರೆಗೆ ಎಲ್ಲೇ ಗಾನವೈಭವ ನಡೆಯಲಿ, ಎರಡನೇ ಸಾಲಿನ ತುದಿಯ ಕುರ್ಚಿಯಲ್ಲಿ ಒಬ್ಬರು ಕೂತಿರುತ್ತಾರೆ. ಕಾರ್ಯಕ್ರಮ ಆರಕ್ಕೆ ಎಂದು ಕರಪತ್ರದಲ್ಲಿದ್ದರೆ ಇವರು ಐದಕ್ಕೇ ಹಾಜರು. ಮೊದಲ ಸಾಲಿನ ಸೋಫಾ ಗಣ್ಯರದ್ದು. ಅದರ ಮೇಲೆ ಇವರಿಗೆ ಆಸೆಯೂ ಇಲ್ಲ, ಅದರಲ್ಲಿ ಕೂರುವವರ ಮೇಲೆ ಗೌರವವೂ ಇಲ್ಲ. ತುದಿಯ ಕುರ್ಚಿಯಿಂದ ಮದ್ದಳೆಗಾರರ ಬೆರಳು ಕಾಣುತ್ತದೆ, ಎದ್ದು ಹೋಗುವುದಕ್ಕೆ ದಾರಿಯೂ ಹತ್ತಿರ. ಎದ್ದು ಹೋಗುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಇವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇದೆ. ಊರಿಗೆಲ್ಲ ಇವರು ಪದ್ಯದ ಭಾವ. ನಮ್ಮ ಕಡೆ ಊರಿಗೊಬ್ಬರಂತೆ ಇದ್ದಾರೆ. ಕೆಲವು ಊರುಗಳಲ್ಲಿ ಇಬ್ಬರಿದ್ದಾರೆ, ಅಲ್ಲಿ ಅವರಿಬ್ಬರಿಗೂ ಮಾತುಕತೆ ಇಲ್ಲ.

ಗಾನವೈಭವ ಎಂದರೇನೆಂದು ಘಟ್ಟದ ಮೇಲಿನವರು ಕೇಳಬಹುದು. ಯಕ್ಷಗಾನದ ಆಟದಿಂದ ವೇಷ, ಕುಣಿತ, ಮಾತುಗಾರಿಕೆ ಮೂರನ್ನೂ ತೆಗೆದುಬಿಟ್ಟು ಭಾಗವತರು, ಮದ್ದಳೆ, ಚೆಂಡೆ ಇಷ್ಟನ್ನೇ ವೇದಿಕೆಯ ಮೇಲೆ ಕೂರಿಸುವುದು. ಗದಾಯುದ್ಧದ್ದೊಂದು ಪದ್ಯ, ಚಂದ್ರಹಾಸ ಚರಿತ್ರೆಯದ್ದೊಂದು, ಭೀಷ್ಮವಿಜಯದ್ದೊಂದು. ಮೂರು ಗಂಟೆಯಲ್ಲಿ ಹತ್ತು ಪ್ರಸಂಗದ ಸಾರ. ಯುರೋಪಿನಲ್ಲಿ ಒಪೆರಾ ಹಾಡುವವರೂ ಇದನ್ನೇ ಮಾಡುತ್ತಾರೆ. ವೇಷ ಕಟ್ಟದೆ ಪಿಯಾನೋ ಪಕ್ಕದಲ್ಲಿ ನಿಂತು ವೆರ್ದಿಯದ್ದೊಂದು, ಪುಚ್ಚೀನಿಯದ್ದೊಂದು ಹಾಡಿ, ನಡುವೆ ಶೂಬರ್ಟನ ಬಿಡಿಗೀತೆಗಳನ್ನು ಸೇರಿಸಿ ಸಂಜೆ ಮುಗಿಸುತ್ತಾರೆ. ಕಥೆ ಜನಕ್ಕೆ ಮೊದಲೇ ಗೊತ್ತಿರುತ್ತದೆ. ಅಲ್ಲಿ ಕರಿ ಕೋಟು, ಇಲ್ಲಿ ಮುಂಡಾಸು, ಶಾಲು.

ಭಾವನ ಸರಂಜಾಮು ಕಡಿಮೆ: ಒಂದು ಟಾರ್ಚು, ಒಂದು ಶಾಲು, ಕವಳದ (ಎಲೆಯಡಕೆಯ) ಸಂಚಿ. ಮೊದಲು ಸಭಾ ಕಾರ್ಯಕ್ರಮ. ದೀಪ ಬೆಳಗುವುದು, ಸನ್ಮಾನ, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಎರಡು ಮಾತು. ಈ ಹೊತ್ತನ್ನು ಭಾವ ಕವಳಕ್ಕೆ ಮೀಸಲಿಡುತ್ತಾರೆ. ಭಾಷಣದ ಉದ್ದವನ್ನು ಅವರು ನಿಮಿಷದಲ್ಲಿ ಹೇಳುವುದಿಲ್ಲ. "ಇವಂದು ಎರಡು ಕವಳದ ಭಾಷಣ" ಎನ್ನುತ್ತಾರೆ. ಮೂರು ಕವಳ ದಾಟಿದ ಅಧ್ಯಕ್ಷರನ್ನು ಮುಂದಿನ ವರ್ಷ ಕರೆಯದಂತೆ ನೋಡಿಕೊಳ್ಳುವಷ್ಟು ಪ್ರಭಾವವೂ ಅವರಿಗಿದೆ.

ಆಮೇಲೆ ಮೈಕಿನವನ ಸರದಿ. ಭಾಗವತರು ಶ್ರುತಿ ಹಿಡಿಯುವ ಮೊದಲೇ ಭಾವನ ಧ್ವನಿ ಏಳುತ್ತದೆ: "ತಮ್ಮಾ, ಆ ಎಕೋ ತೆಗಿ! ಪದ್ಯ ಒಂದೇ ಸಲ ಕೇಳಿದ್ರೆ ಸಾಕು." ಇದು ನ್ಯಾಯವಾದ ಬೇಡಿಕೆ.

ಪದ್ಯ ಶುರುವಾದ ಮೇಲೆ ಭಾವ ಮಾತಾಡುವುದಿಲ್ಲ ಎಂದು ಅವರ ನಂಬಿಕೆ. ತೊಡೆಯ ಮೇಲೆ ತಾಳ ಬೀಳುತ್ತಿರುತ್ತದೆ. ಝಂಪೆಯಾಗಲಿ, ಅಷ್ಟತಾಳವಾಗಲಿ, ಅವರ ಮುಕ್ತಾಯ ಭಾಗವತರದ್ದಕ್ಕಿಂತ ಕೂದಲೆಳೆಯಷ್ಟು ಮೊದಲು ಬೀಳುತ್ತದೆ, ಭಾಗವತರೇ ತಡವಾಗಿ ಬಂದರು ಎಂದು ತೋರುವಷ್ಟೇ. ತಲೆ ನಿಧಾನ ಆಡಿದರೆ ರಾಗ ಸರಿ ಇದೆ. ಕಣ್ಣು ಮುಚ್ಚಿದರೆ ಹಳಬರ ಜತೆ ಹೋಲಿಸುತ್ತಿದ್ದಾರೆ. ಕಣ್ಣು ಬಿಟ್ಟು ಪಕ್ಕದವರತ್ತ ತಿರುಗಿದರೆ, ಪಕ್ಕದವರ ಆ ಪದ್ಯ ಅಲ್ಲಿಗೆ ಮುಗಿಯಿತು. "ಈ ಪದ್ಯಕ್ಕೆ ಈ ರಾಗ ಅಲ್ಲ" ಎಂದು ಶುರುವಾಗಿ, ಹಿಂದೆ ಯಾವ ಬಯಲಲ್ಲಿ, ಯಾವ ಮೇಳದ ಆಟದಲ್ಲಿ, ಯಾವ ಭಾಗವತರು ಇದನ್ನು ಯಾವ ರಾಗದಲ್ಲಿ ಹೇಳಿದ್ದರು, ಅವತ್ತು ವೇಷ ಯಾರದ್ದು, ಮಳೆ ಬಂತೋ ಇಲ್ಲವೋ ಎಲ್ಲ ಬರುತ್ತದೆ.

ಹೋಲಿಕೆಯ ವಿಷಯದಲ್ಲಿ ಭಾವನದ್ದು ಒಂದೇ ಅಳತೆಗೋಲು: ಗುಂಡ್ಮಿ ಕಾಳಿಂಗ ನಾವಡರು. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ತೀರ ಎಳೆಯ ಹರೆಯದಲ್ಲಿ. ಸಾಲಿಗ್ರಾಮ ಮೇಳದಲ್ಲಿ ಅವರು ಪದ್ಯಕ್ಕೆ ಕೂತರೆ ವೇಷ ಯಾರದ್ದೆಂದು ಕೇಳದೆ ಜನ ಬರುತ್ತಿದ್ದ ಕಾಲವೊಂದಿತ್ತು, ಕ್ಯಾಸೆಟ್ಟುಗಳು ಮನೆಮನೆಯಲ್ಲಿದ್ದವು. ಭಾವನ ಅಟ್ಟದಲ್ಲಿ ಇನ್ನೂ ಇವೆ, ಹಾಕುವ ಯಂತ್ರ ಮಾತ್ರ ಇಲ್ಲ. ಇವತ್ತಿನ ಯಾವ ಭಾಗವತರು ಹೇಳಿದರೂ "ನಾವಡರ ಹಾಂಗೆ ಇಲ್ಲೆ" ಎಂಬ ತೀರ್ಪು ಸಿದ್ಧ. ಒಮ್ಮೆ ಅವರ ಮನೆಯಲ್ಲಿ ಇದೇ ಮಾತು ಬಂದಾಗ ಒಳಗಿಂದ ಚಾ ತಂದ ಅಕ್ಕ ನಕ್ಕರು. "ನಾವಡ್ರು ಇದ್ದಾಗ ಇವ್ರು ಉಪ್ಪೂರರ ಹಾಂಗೆ ಇಲ್ಲೆ ಹೇಳ್ತಿದ್ರು." ನಾರಣಪ್ಪ ಉಪ್ಪೂರರು ನಾವಡರ ಗುರುಗಳು. ಭಾವ ಚಾ ಬಸಿಗೆ ಬಗ್ಗಿಸಿಕೊಂಡರು, ಉತ್ತರ ಕೊಡಲಿಲ್ಲ. ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಅಷ್ಟು ವರ್ಷ ಹಾಡಿದಾಗಲೂ ಭಾವನಿಗೆ ಅವರು "ಅಡ್ಡಿಲ್ಲೆ" ಮಾತ್ರ ಆಗಿದ್ದರು. 2024ರ ಏಪ್ರಿಲ್‌ನಲ್ಲಿ ಧಾರೇಶ್ವರರು ತೀರಿಕೊಂಡರು; ಆ ಮಳೆಗಾಲ ಮುಗಿಯುವುದರೊಳಗೆ "ಧಾರೇಶ್ವರರ ಹಾಂಗೆ ಇಲ್ಲೆ" ಎಂಬುದೂ ತೀರ್ಪಿಗೆ ಸೇರಿತು. ಭಾವನ ಪಟ್ಟಿಗೆ ಸೇರಲು ಬೇರೆ ದಾರಿ ಇದ್ದಂತಿಲ್ಲ.

ಎಲ್ಲವನ್ನೂ ನಗೆಗೆ ಬಿಡುವ ಹಾಗಿಲ್ಲ. ದ್ವಂದ್ವ ಹಾಡುಗಾರಿಕೆಯ ಬಗ್ಗೆ ನಾನು ಭಾವನ ಪಕ್ಷ. ಇಬ್ಬರು ಭಾಗವತರು ಒಂದೇ ಪದ್ಯವನ್ನು ಹಂಚಿಕೊಂಡು, ಒಬ್ಬರು ಎಳೆದಷ್ಟು ಇನ್ನೊಬ್ಬರೂ ಎಳೆಯುತ್ತಾರೆ. ಅದರ ನಡುವೆ ಚೆಂಡೆಗೂ ಮದ್ದಳೆಗೂ ಪ್ರತ್ಯೇಕ ಜಗಳ. ಚಪ್ಪಾಳೆ ಜೋರು. ಆಟದಲ್ಲಾದರೆ ಎದುರಿಗೆ ವೇಷ ಕಾಯುತ್ತ ನಿಂತಿರುತ್ತದೆ; ಕಾಲಿಗೆ ಗೆಜ್ಜೆ ಕಟ್ಟಿ, ತಲೆಯ ಮೇಲೆ ಕಿರೀಟದ ಭಾರ ಹೊತ್ತ ಮನುಷ್ಯನನ್ನು ಎಷ್ಟು ಹೊತ್ತು ನಿಲ್ಲಿಸಲಾದೀತು? ಭಾಗವತರ ಆಲಾಪಕ್ಕೆ ಆ ವೇಷವೇ ಕಡಿವಾಣ. ಗಾನವೈಭವದಲ್ಲಿ ಕಡಿವಾಣ ಹಾಕುವವರು ಯಾರೂ ಇಲ್ಲ, ಭಾವನನ್ನು ಬಿಟ್ಟರೆ. "ಕೌರವ ಕೊಳದಲ್ಲಿ ಅಡಗಿ ಕೂತಿದ್ದ. ಇವು ಇಬ್ರೂ ಹೀಂಗೆ ಎಳದ್ರೆ ಅವ ಥಂಡಿ ಹಿಡ್ದೇ ಸಾಯ್ತ. ಭೀಮ ಬರದೇ ಬ್ಯಾಡ" ಎಂದು ಅವರು ಹೇಳಿದ್ದು ವೇದಿಕೆಗೂ ಕೇಳಿಸಿತ್ತು.

ಮುರ್ಡೇಶ್ವರದಲ್ಲಿ ನಡೆದದ್ದನ್ನು ಹೇಳಲೇಬೇಕು. ಕಡಲ ಹತ್ತಿರದ ಚಪ್ಪರ. ಒಂದು ಕಡೆ 20 ಅಂತಸ್ತಿನ ರಾಜಗೋಪುರ, ಗುಡ್ಡದ ಮೇಲೆ 123 ಅಡಿಯ ಈಶ್ವರ. ಗಾಳಿ ಮೈಕಿಗೆ ನುಗ್ಗಿ ಗಣಪತಿ ಪದ್ಯದ ಅರ್ಧವನ್ನು ಕಡಲಿಗೇ ಒಯ್ದಿತ್ತು. ಭಾವ ಚೀಟಿ ಕಳಿಸಿದರು. ಪದ್ಯ ಬೇಡಿ ಚೀಟಿ ಕೊಡುವುದು ನಮ್ಮ ಕಡೆಯ ವಾಡಿಕೆ. ಒಬ್ಬ ಹುಡುಗ ಅದನ್ನು ಭಾಗವತರ ಮುಂದಿಡುತ್ತಾನೆ. ಚೀಟಿಯಲ್ಲಿದ್ದದ್ದು ಭಸ್ಮಾಸುರ ಮೋಹಿನಿಯ ಪದ್ಯ. ಸಂಘಟಕರಿಗೆ ಇರಿಸುಮುರಿಸು. ಅಷ್ಟು ದೊಡ್ಡ ಈಶ್ವರ ನೋಡುತ್ತ ಕೂತಿರುವಾಗ, ಅವನೇ ರಕ್ಕಸನಿಗೆ ವರ ಕೊಟ್ಟು ಜೀವ ಉಳಿಸಿಕೊಳ್ಳಲು ಓಡುವ ಪ್ರಸಂಗವನ್ನು ಹಾಡಿಸುವುದೆ? ಒಬ್ಬರು ಬಂದು ಭಾವನ ಕಿವಿಯಲ್ಲಿ ಹೇಳಿದರು. ಭಾವ ವಿಗ್ರಹದತ್ತ ಒಮ್ಮೆ ತಲೆ ಎತ್ತಿದರು. "ಅವಂಗೆ ಅದು ಕೇಳಿ ರೂಢಿ ಇದ್ದು. ಚಿಟ್ಟಾಣಿಯವ್ರದ್ದು ಎಷ್ಟು ಸಲ ನೋಡಿದ್ನೋ ಏನೋ."

ಭಾಗವತರು ಆ ಪದ್ಯ ಎತ್ತಿಕೊಂಡರು. ಆಗ ಭಾವನನ್ನು ನೋಡಬೇಕಿತ್ತು. ವೇದಿಕೆಗೂ ಸೋಫಾಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ. ಅಲ್ಲಿ ಯಾರದ್ದೋ ಮಗು ಬಲೂನು ಹಿಡಿದು ಓಡಾಡುತ್ತಿತ್ತು. ಭಾವ ಅರ್ಧ ಎದ್ದು ಕೂಗಿದರು: "ಬದಿಗೆ ಹೋಗು ತಂಗಿ, ಭಸ್ಮಾಸುರ ಬತ್ತಾ ಇದ್ದ!" ಮಗು ಬೆದರಿ ಅಮ್ಮನ ಮಡಿಲು ಸೇರಿತು. ಭಾವನ ಕಣ್ಣು ಖಾಲಿ ಜಾಗದಲ್ಲೇ ನೆಟ್ಟಿತ್ತು, ಭುಜ ಅಲ್ಲಾಡುತ್ತಿತ್ತು, ಕುರ್ಚಿಯ ಕಾಲು ಕಿರುಗುಟ್ಟುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರ ತಾಲೂಕಿನವರು. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿಗಳನ್ನು ಬೆಳಗಿನವರೆಗೆ ಕೂತು ನೋಡಿದವರು ಇವರು. ಗಾನವೈಭವದವರು ಕಿತ್ತು ಹಾಕಿದ ವೇಷ, ಕುಣಿತವನ್ನೆಲ್ಲ ಭಾವ ಕೂತಲ್ಲಿಂದಲೇ ತುಂಬಿಕೊಡುತ್ತಿದ್ದರು. ಕಾಲಮಿತಿಯ ಆಟಗಳು ಬಂದ ಮೇಲೆ ಕರ್ಣನಿಗೆ ಸಾಯಲಿಕ್ಕೂ ಪುರಸೊತ್ತಿಲ್ಲ ಎಂದು ಗೊಣಗುವ ಮನುಷ್ಯ, ಆ ಒಂದು ಪದ್ಯದಲ್ಲಿ ಇಡೀ ರಾತ್ರಿಯ ಆಟ ನೋಡಿ ಮುಗಿಸಿದರು. ಪಕ್ಕದಲ್ಲಿದ್ದ ನನಗೆ ಕಂಡದ್ದು ಬಲೂನು ಮಾತ್ರ.

ಈ ಜಾತಿಯವರು ನಮ್ಮಲ್ಲಷ್ಟೇ ಇದ್ದಾರೆಂದು ತಿಳಿಯಬೇಕಾಗಿಲ್ಲ. ಇಟಲಿಯ ಮಿಲಾನ್ ನಗರದಲ್ಲಿ ಲಾ ಸ್ಕಾಲಾ ಎಂಬ ಪ್ರಸಿದ್ಧ ಒಪೆರಾ ಮಂದಿರವಿದೆ. ಅದರ ಮೇಲಿನ ಅಗ್ಗದ ಗ್ಯಾಲರಿಯಲ್ಲಿ ಕೂರುವವರೆಂದರೆ ದೊಡ್ಡ ದೊಡ್ಡ ಗಾಯಕರಿಗೂ ನಡುಕ. 2006ರ ಡಿಸೆಂಬರಿನಲ್ಲಿ ವೆರ್ದಿಯ 'ಐದಾ' ನಡೆಯುತ್ತಿತ್ತು. ರೊಬೆರ್ತೊ ಅಲಾನ್ಯ ಎಂಬ ಹೆಸರಾಂತ ಗಾಯಕ ಮೊದಲ ಹಾಡು ಮುಗಿಸಿದ್ದೇ ತಡ, ಗ್ಯಾಲರಿಯಿಂದ ಬೂ ಎಂಬ ಕೂಗು. ಆತ ಕೈಯೆತ್ತಿ ಸಲಾಮು ಹೊಡೆದು ರಂಗಸ್ಥಳ ಬಿಟ್ಟು ನಡೆದೇಬಿಟ್ಟ. ಬದಲಿ ಗಾಯಕ ವೇಷ ಕಟ್ಟಲು ಪುರಸೊತ್ತಿಲ್ಲದೆ ಮೈಮೇಲಿದ್ದ ಬಟ್ಟೆಯಲ್ಲೇ ಬಂದು ಮುಂದುವರಿಸಿದ. ಇದನ್ನು ಭಾವನಿಗೆ ಹೇಳಿದೆ, ಬೆರಗಾಗಲಿ ಎಂದು. ಅವರು ಸುಣ್ಣ ತೀಡುತ್ತ ಕೇಳಿದರು. "ಭಾಗವತ್ರು ಎದ್ದೋದ್ರು, ಸಂಗೀತಗಾರ ಕೂತ. ಅದ್ರಲ್ಲಿ ಎಂತ ವಿಶೇಷ?" ಸಂಗೀತಗಾರನೆಂದರೆ ನಮ್ಮ ಮೇಳಗಳಲ್ಲಿ ಮುಖ್ಯ ಭಾಗವತರು ಬರುವ ಮೊದಲು ಹಾಡುವ ಕಿರಿಯ. ಸ್ವಲ್ಪ ತಡೆದು ಭಾವ ಸೇರಿಸಿದರು: "ಆದ್ರೆ ಕೂಗದು ತಪ್ಪು. ಚಾ ಕುಡಿಯಲೆ ಹೋಗಕಾಗಿತ್ತು."

ತುದಿಯ ಕುರ್ಚಿಯ ಮಹತ್ವ ಇದು. ನಮ್ಮಲ್ಲಿ ಬೂ ಇಲ್ಲ, ಚಾ ಇದೆ. ಪದ್ಯ ಹದ ತಪ್ಪಿದರೆ ಭಾವ ಶಾಲು ಕೊಡವಿ ಎದ್ದು, ಯಾರಿಗೂ ಅಡ್ಡ ಬಾರದೆ, ಚಪ್ಪರದ ಆಚೆಯ ಚಾದಂಗಡಿಗೆ ನಡೆಯುತ್ತಾರೆ. ಭಾಗವತರು ಕಣ್ಣು ಮುಚ್ಚಿ ಹಾಡುತ್ತಿದ್ದರೂ ಇದು ಅವರಿಗೆ ತಿಳಿಯುತ್ತದೆ. ಎಳೆಯ ಭಾಗವತರೊಬ್ಬರು ನನಗೆ ಹೇಳಿದ್ದುಂಟು: ಸೋಫಾ ಖಾಲಿಯಾದರೆ ಚಿಂತೆಯಿಲ್ಲ, ಆ ತುದಿಯ ಕುರ್ಚಿ ಖಾಲಿಯಾದರೆ ಮುಂದಿನ ಪದ್ಯಕ್ಕೆ ರಾಗ ಬದಲಾಯಿಸುತ್ತೇನೆ.

ಮಂಗಳ ಮುಗಿದ ಮೇಲೆ ಭಾವ ವೇದಿಕೆಯ ಹಿಂದೆ ಹೋಗುತ್ತಾರೆ. ಅಲ್ಲಿ ಭಾಗವತರು ಕಷಾಯ ಕುಡಿಯುತ್ತಿರುತ್ತಾರೆ. ಇಷ್ಟು ಹೊತ್ತು ಕಂಡುಹಿಡಿದ ತಪ್ಪುಗಳಲ್ಲಿ ಒಂದೂ ಭಾವನ ಬಾಯಿಂದ ಹೊರಡುವುದಿಲ್ಲ. ಅಡಕೆಗೆ ಕೊಳೆ ಬಂತಾ, ಮಗಳ ಮದುವೆ ಎಲ್ಲಿಗೆ ಬಂತು, ವಾಪಸು ಹೋಗಲು ಗಾಡಿ ಇದ್ದೋ ಇಲ್ಲೆಯೋ ಎಂದು ಕೇಳುತ್ತಾರೆ. ಕೊನೆಗೆ ಭಾಗವತರೇ ತಡೆಯಲಾರದೆ ಕೇಳಬೇಕು: "ಹೆಂಗಾತು ಭಾವಾ?"

"ಕೇಳ್ಲಕ್ಕು."

ಕೇಳಬಹುದು ಎಂದಷ್ಟೇ ಅದರ ಅರ್ಥ. ಇದಕ್ಕಿಂತ ದೊಡ್ಡ ಮೆಚ್ಚುಗೆ ಭಾವನಲ್ಲಿ ಇಲ್ಲ, ಬದುಕಿರುವವರಿಗಂತೂ ಇಲ್ಲ. ಆ ದಿನದ ಶಾಲು, ಹಾರ, ಹಣ್ಣಿನ ಬುಟ್ಟಿಯನ್ನು ಭಾಗವತರು ಗಾಡಿಯಲ್ಲೇ ಮರೆತು ಹೋಗಬಹುದು, ಇದನ್ನು ಮರೆಯುವುದಿಲ್ಲ.

ನಮ್ಮ ಕಡೆ ಗಾನವೈಭವಕ್ಕೆ ಬಂದರೆ ಭಾವನ ಪಕ್ಕ ಕೂರಬೇಡಿ, ಒಂದು ಪದ್ಯವೂ ಪೂರ್ತಿ ಕೇಳಿಸದು. ಸರಿಯಾಗಿ ಅವರ ಹಿಂದಿನ ಕುರ್ಚಿ ಹಿಡಿಯಿರಿ. ಅವರು ಚಾಕ್ಕೆ ಎದ್ದಾಗ ಜಾಗ ಖಾಲಿಯಾಯಿತೆಂದು ಯಾರಾದರೂ ಬಂದು ಕೂತರೆ ಎಬ್ಬಿಸಿ. ಮುಂದಿನ ಪದ್ಯಕ್ಕೆ ವಾಪಸು ಬರುತ್ತಾರೆ.