ಕುಕ್ಕುಟಪಾದ ಮೀಮಾಂಸೆ

ಹಿತ್ತಲಿನ ಹೇಂಟೆಯೊಂದು ಒಂದು ಕಾಲನ್ನು ಮಡಚಿಕೊಂಡು, ಉಳಿದೊಂದರ ಮೇಲೆ ತಿಪ್ಪೆಗೆ ಹೋಗಿಬರುವ ಸ್ಥಿತಿಗೆ ಕುಂಟು ಎಂದು ಹೆಸರು. ಮಡಚಿದ ಕಾಲೆಲ್ಲ ಕುಂಟಲ್ಲ. ಗಟ್ಟಿಮುಟ್ಟಾದ ಕೋಳಿಯೂ ಚಳಿಗೆ ಒಂಟಿಕಾಲಲ್ಲಿ ನಿಲ್ಲುವುದುಂಟು. ಅದು ಗಾಯವೋ ತಪಸ್ಸೋ ಎಂದು ತಿಳಿಯಲು ಒಂದು ಹಿಡಿ ನುಚ್ಚು ಎರಚಿದರೆ ಸಾಕು. ತಪಸ್ವಿಗೆ ಎರಡನೆಯ ಕಾಲು ತಕ್ಷಣ ನೆನಪಾಗುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಎರಡು ಪಕ್ಷಗಳಿವೆ. ಪೂರ್ವಪಕ್ಷಕ್ಕೆ 'ಕೋಳಿ ಕೇಳಿ ಮಸಾಲೆ ಅರೀತಾರಾ' ಎಂಬುದೇ ಮೂಲಸೂತ್ರ. ಸೂತ್ರ ಚಿಕ್ಕದು, ಆದರೆ ಅದರ ಭಾಷ್ಯಕ್ಕೆ ಧನಿಯಾ, ಕೊಬ್ಬರಿ, ಚಕ್ಕೆ, ಲವಂಗ ಎಲ್ಲ ಬೇಕು. ಮುದ್ದೆಯ ಸೀಮೆಯಲ್ಲಿ, ಅದರಲ್ಲೂ ಭಾನುವಾರಗಳಂದು, ಈ ಪಕ್ಷಕ್ಕೆ ಅನುಯಾಯಿಗಳು ಹೆಚ್ಚು. ಸಿದ್ಧಾಂತಪಕ್ಷವನ್ನು ಸಾಮಾನ್ಯವಾಗಿ ಮೊಟ್ಟೆ ಮಾರಿದ ಕಾಸನ್ನು ಸೆರಗಿಗೆ ಗಂಟು ಹಾಕುವ ಅಜ್ಜಿ ಮಂಡಿಸುತ್ತಾಳೆ. ಪ್ರಸ್ತುತ ಪ್ರಬಂಧ ಅಜ್ಜಿಯ ಕಡೆಗಿದೆ. ಮೊದಲ ಪಕ್ಷಕ್ಕೆ ವೈದ್ಯನ ಅಗತ್ಯವೇ ಬೀಳುವುದಿಲ್ಲ.

ಇನ್ನು ಅಂಗರಚನೆ. ಕೋಳಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆಂಬುದು ಲೋಕರೂಢಿ. ಹಾಗೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದ ಗರಿಗಳಲ್ಲಿ ಮರೆಯಾಗಿರುತ್ತದೆ. ಅಂದರೆ ಕೋಳಿ ಹುಟ್ಟಿದಾಗಿನಿಂದ ತುದಿಗಾಲಲ್ಲೇ ಓಡಾಡಿಕೊಂಡಿದೆ. ಲೆಗ್ ಪೀಸನ್ನು ನೂರಾರು ಸಲ ಕೈಯಲ್ಲಿ ಹಿಡಿದು ಆಮೂಲಾಗ್ರ ಪರಿಶೀಲಿಸಿದ ಪೂರ್ವಪಕ್ಷದ ವಿದ್ವಾಂಸರಿಗೂ ಇದು ಹೊಳೆಯದೇ ಹೋದದ್ದು ಸೋಜಿಗ.

ಪರೀಕ್ಷೆಗೆ ಕತ್ತಲಾದ ಮೇಲಿನ ಹೊತ್ತು ಪ್ರಶಸ್ತ. ಹಗಲಿನಲ್ಲಾದರೆ ರೋಗಿಗಿಂತ ವೈದ್ಯನಿಗೇ ಹೆಚ್ಚು ಗಾಯಗಳಾಗುತ್ತವೆ. ರೆಕ್ಕೆಗಳನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ಮೊದಲು ಬೆರಳ ಸಂದು ನೋಡಬೇಕು. ಅಲ್ಲಿ ಸುತ್ತಿಕೊಂಡ ದಾರ ಅಥವಾ ಕೂದಲೆಳೆ ರಕ್ತಸಂಚಾರ ತಡೆದು ಬೆರಳನ್ನೇ ಉದುರಿಸಬಲ್ಲದು. ಆಮೇಲೆ ಅಂಗಾಲು. ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯ ಒಳಹೊಕ್ಕಿರುವ ಸಂಭವ ಹೆಚ್ಚು. ಎತ್ತರದಿಂದ ಗಟ್ಟಿ ನೆಲಕ್ಕೆ ಹಾರುವ ಭಾರದ ಕೋಳಿಗಳಿಗೆ ಇದು ಬೇಗ ಅಂಟುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ತಳಿ ಹೆಸರಿಗೆ ತಕ್ಕಂತೆ ಗಿರಿಯಾದರೂ ಅಟ್ಟದಿಂದ ಇಳಿಯುವಾಗ ಅದನ್ನು ಮರೆಯುತ್ತದೆ.

ಮೂಳೆ ಮುರಿತದ ಹಿಂದೆ ಕೆಲವೊಮ್ಮೆ ಮೊಟ್ಟೆಯ ಕೈವಾಡವೂ ಇರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು; ಮೇವಿನಲ್ಲಿ ಸಾಲದಿದ್ದರೆ ಹೇಂಟೆ ಅದನ್ನು ತನ್ನ ಮೂಳೆಯಿಂದಲೇ ಸಾಲ ತೆಗೆಯುತ್ತದೆ. ಕಪ್ಪೆಚಿಪ್ಪಿನ ಪುಡಿ ಹಾಕುವುದು ಈ ಸಾಲಕ್ಕೆ ಅಸಲು ಕಟ್ಟಿದಂತೆ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಮಲಗಿದರೆ ಮಾತ್ರ ಹಾಸ್ಯಕ್ಕೆ ಎಡೆಯಿಲ್ಲ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ ವಿವರಿಸಿದ ರೋಗದ ಗುರುತದು. ಬಂದ ಮೇಲೆ ಮದ್ದಿಲ್ಲ. ಮರಿ ಹೊರಬಂದ ದಿನವೇ ಲಸಿಕೆ ಹಾಕಿಸಿರಬೇಕು.

ಶುಶ್ರೂಷೆಯ ಸಾರವೆಲ್ಲ ಒಂದು ಮಂಕರಿಯೊಳಗಿದೆ. ಕೆಳಗೆ ಒಣಹುಲ್ಲು ಹಾಸಿ, ನೀರು ಮತ್ತು ಮೇವು ಕೊಕ್ಕಿಗೆಟಕುವಂತಿಟ್ಟು, ಉಳಿದ ಕೋಳಿಗಳು ಕಾಣುವಂತೆ ಆದರೆ ಕುಕ್ಕದಂತೆ ಕವುಚಬೇಕು. ಅಂಗಾಲ ಗಾಯವನ್ನು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು ಒರೆಸಬೇಕು. ಹಕ್ಕಳೆಯನ್ನು ಬ್ಲೇಡಿನಿಂದ ಕೀಳುವ ಪಾಂಡಿತ್ಯ ಬೇಡ. ಮುರಿದ ಮೂಳೆಗೆ ಪಶುವೈದ್ಯರು ಪಟ್ಟಿ ಕಟ್ಟಿದರೆ ಸುಮಾರು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮನುಷ್ಯರ ನೋವಿನ ಮಾತ್ರೆ ನಿಷಿದ್ಧ. ಎರಡೂ ಪಕ್ಷಗಳಿಗೆ ಸಮ್ಮತವಾದ ಏಕೈಕ ದ್ರವ್ಯ ಅರಿಶಿನ. ಅದನ್ನು ಹಿಡಿದು ಬಂದ ಕೈಯನ್ನು ಕಂಡು ಕೋಳಿ ಬೆದರುವುದಕ್ಕೂ ಕಾರಣ ಇದೇ ಇರಬೇಕು.

ಗುಣವಾದದ್ದನ್ನು ಹಿಂಡಿಗೆ ಸೇರಿಸುವುದು ಇನ್ನೂ ನಾಜೂಕಿನ ಕೆಲಸ. ಯಾರು ಯಾರನ್ನು ಕುಕ್ಕಬಹುದೆಂಬ ಶ್ರೇಣಿ ಕೋಳಿಗಳಲ್ಲಿದೆಯೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದಾನೆ. ರಜೆ ಮುಗಿಸಿ ಬಂದವರ ಕುರ್ಚಿ ಅಲ್ಲೂ ಖಾಲಿ ಇರುವುದಿಲ್ಲ. ಆದ್ದರಿಂದ ರಾತ್ರಿ ಸದ್ದಿಲ್ಲದೆ ಗೂಡಿಗೆ ಬಿಟ್ಟು, ಬೆಳಗ್ಗೆ ಕಾವಲಿರುವುದು ಕ್ರಮ. ಹೊಡೆತ ತಿಂದ ಹೇಂಟೆ ಅಡುಗೆಮನೆಯ ಹೊಸಿಲಿಗೆ ಓಡಿಬಂದು ಅಜ್ಜಿಯ ಸೀರೆಯ ಅಂಚನ್ನು ಕುಕ್ಕತೊಡಗಿದರೆ ಪೂರ್ವಪಕ್ಷ ಸಂಪೂರ್ಣ ಖಂಡಿತವಾಯಿತೆಂದು ಅರ್ಥ. ಅಂಥ ಮನೆಗೆ ನೆಂಟರು ಬಂದಾಗ ಪೇಟೆಯಿಂದ ಎರಡು ಕಿಲೋ ಬ್ರಾಯ್ಲರ್ ತರಿಸಲಾಗುತ್ತದೆ.