ಅರವತ್ತು ಕಾಪಿ

ಕಾಲೇಜಿನ ಎದುರು ಸಿದ್ದಣ್ಣನ ಜೆರಾಕ್ಸ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಸ್ಪೈರಲ್ ಹಾಕಿದ ಥೀಸಿಸ್‌ಗಳಿಗೆ ಲೆಕ್ಕವಿಲ್ಲ. ವಿದ್ಯಾರ್ಥಿ ಮಂಜ ಒಂದು ಹಾಳೆ ಚಾಚಿದ.

"ಏನಪ್ಪಾ ಇದು?"

"ಮುಚ್ಚಳಿಕೆ ಅಣ್ಣ. ಎಐ ಮುಟ್ಟಿಲ್ಲ, ಕಾಪಿ ಹೊಡೆದಿಲ್ಲ ಅಂತ."

"ಭಾಷೆ ಭಾರಿ ಚೆನ್ನಾಗಿದೆ!"

"ಚಾಟ್‌ಜಿಪಿಟಿದು."

"ಸಿಕ್ಕಿಬೀಳಲ್ವೇನೋ?"

"ಅದನ್ನ ಮಾಡಿದ ಓಪನ್‌ಎಐನೋರೇ ತಮ್ಮ ಎಐ-ಬರಹ ಪತ್ತೆ ಸಾಧನ ಸರಿಯಾಗಿ ಹಿಡೀತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡ್ರು."

"ಹೆತ್ತೋರಿಗೇ ಗುರುತು ಸಿಗದ ಕೂಸು!"

"ಇನ್ನು ಕಾಪಿ ವಿಷಯಕ್ಕೆ ಬಂದ್ರೆ, ಯುಜಿಸಿಯ 2018ರ ನಿಯಮದಲ್ಲಿ ಥೀಸಿಸ್ 10 ಪರ್ಸೆಂಟ್‌ವರೆಗೆ ಬೇರೆಯವರದ್ದನ್ನ ಹೋಲಿದ್ರೂ ಶಿಕ್ಷೆ ಇಲ್ಲ."

"ಬರೀ ಹತ್ತಾ? ಕಮಿಷನ್ ಕೊಡೋ ಕಂಟ್ರಾಕ್ಟರ್‌ಗಳಿಗೆ ಹೇಳ್ಬೇಡ, ಎಲ್ಲಾ ಪಿಎಚ್‌ಡಿಗೆ ಬಂದ್‌ಬಿಡ್ತಾರೆ. ಎಷ್ಟು ಜೆರಾಕ್ಸ್?"

"ಅರವತ್ತು. 'ಇದು ನನ್ನ ಸ್ವಂತ ಬರಹ' ಅನ್ನೋದು ಇಡೀ ಕ್ಲಾಸಿಗೂ ಒಂದೇ."

"ಕಾಪಿಗೆ ಎರಡು ರೂಪಾಯಿ. ನೂರಿಪ್ಪತ್ತು ಕೊಡು."