ಪರ್ಲ್ ಪಾಸ್ ದಾಟಿದವಳು

ಬೆಟ್ಟ ಹತ್ತೋ ಸೈಕಲ್ಲು ಗಂಡುಹುಡುಗರ ಆಟ ಅಂತ ಮೊನ್ನೆ ನಿಮ್ಮ ಮೈದುನ ಅಂದರಲ್ಲ, ಆ ಮಾತು ನನಗಿನ್ನೂ ಅರಗಿಲ್ಲ ನೋಡಿ. ವೆಂಡಿ ಕ್ರಾಗ್ ಅನ್ನೋ ಹೆಂಗಸು 1978ರಲ್ಲೇ ಅಮೆರಿಕದ ಕೊಲರಾಡೋದಲ್ಲಿ ಪರ್ಲ್ ಪಾಸ್ ಅನ್ನೋ ಬೆಟ್ಟದ ದಾರಿಗೆ ಸೈಕಲ್ ಏರಿಸಿದ್ದಳು. 12,705 ಅಡಿ! ಉಸಿರಿಗೇ ಬರ ಅಲ್ಲಿ.

ಆ ದಾರಿ ಮೋಜಿಗೆ ಅಂತ ಮಾಡಿದ್ದಲ್ಲ. 1880ರ ದಶಕದಲ್ಲಿ ಆಸ್ಪೆನ್ ಕಡೆಯ ಗಣಿಗಳ ಅದಿರನ್ನು ಹೇಸರಗತ್ತೆ ಮೇಲೆ ಹೇರಿ, ಕ್ರೆಸ್ಟೆಡ್ ಬ್ಯೂಟ್‌ನ ರೈಲಿಗೆ ಮುಟ್ಟಿಸೋಕೆ ಕಡಿದದ್ದು. 1887ರಲ್ಲಿ ಆಸ್ಪೆನ್ನಿಗೇ ರೈಲು ಬಂತು, ದಾರಿಯನ್ನು ಕೇಳೋರಿಲ್ಲ. 1976ರಲ್ಲಿ ಆಸ್ಪೆನ್ನಿನ ಮೋಟಾರ್‌ಬೈಕಿನವರು ಅದೇ ದಾರೀಲಿ ಬಂದು, ಕ್ರೆಸ್ಟೆಡ್ ಬ್ಯೂಟ್‌ನ ಬಾರಿನ ಮುಂದೆ ಗಾಡಿ ನಿಲ್ಲಿಸಿ ಮೆರೆದರಂತೆ. ಅದಕ್ಕೆ ಕ್ರೆಸ್ಟೆಡ್ ಬ್ಯೂಟ್‌ನವರು ಹಳೇ ಸೈಕಲ್ ಎತ್ತಿಕೊಂಡು ಆಸ್ಪೆನ್ನಿಗೇ ಹೊರಟುಬಿಟ್ಟರು. ಊರೂರಿನ ಜಿದ್ದು ಎಲ್ಲಾ ಕಡೆ ಒಂದೇ, ಅಲ್ವಾ?

ವೆಂಡಿ ಪಳಗಿದ್ದು ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಕಡೆ. ಅಲ್ಲಿ ರಿಪ್ಯಾಕ್ ಅಂತ ಒಂದು ಇಳಿಜಾರು, ಮೂರೂವರೆ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ 1,300 ಅಡಿ ಕೆಳಗೆ. ಸೈಕಲ್ಲೋ, ಎರಡನೇ ಮಹಾಯುದ್ಧದ ಆಸುಪಾಸಿನದು, ಇಪ್ಪತ್ತು ಕಿಲೋ ತೂಕ. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕು. ಕೆಳಗೆ ಮುಟ್ಟೋ ಹೊತ್ತಿಗೆ ಹಬ್ ಕಾದು ಗ್ರೀಸೆಲ್ಲ ಹೊಗೆ. ಬಿಚ್ಚಿ ಮತ್ತೆ ತುಂಬಬೇಕು.

ಗ್ರೀಸ್ ಅಂದಕೂಡಲೇ ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪು ನೆನಪಾಗುತ್ತೆ. ತಗಡಿನ ತಟ್ಟೇಲಿ ಸೀಮೆಎಣ್ಣೆ, ಅದರಲ್ಲಿ ತೊಳೆದ ಬಾಲ್ಸು. ಬೆರಳ ತುದಿಯಿಂದ ಗ್ರೀಸ್ ಮೆತ್ತಿ, ಒಂದೊಂದೇ ಬಾಲ್ ಕೂರಿಸೋದನ್ನ ಹುಡುಗರು ಸುತ್ತ ಕೂತು ನೋಡೋರು. ನಾವು ಬಗ್ಗಿದರೆ ಮಾತ್ರ, "ನಿಮಗ್ಯಾಕಮ್ಮಾ ಇದೆಲ್ಲ" ಅನ್ನೋರು. ಇರಲಿ ಬಿಡಿ, ಎಲ್ಲಿಂದೆಲ್ಲಿಗೋ ಹೋದೆ.

ವೆಂಡಿ ಬರೀ ಸೈಕಲ್ ತುಳಿಯಲಿಲ್ಲ, ಜೊತೆಗೆ ಕ್ಯಾಮೆರಾನೂ ಒಯ್ಯುತ್ತಿದ್ದಳು. ಆ ಕಾಲದ ಎಷ್ಟೋ ಫೋಟೋ ಆಕೆ ತೆಗೆದದ್ದೇ. ಫೋಟೋದ ತುಂಬ ಗಂಡಸರು, ತೆಗೆದವಳು ಕಾಣೋದಾದರೂ ಹೇಗೆ ಹೇಳಿ? ಇದು ಗಂಡಸರ ಆಟ ಅನ್ನೋ ನಂಬಿಕೆ ಅರ್ಧ ಹುಟ್ಟಿದ್ದೇ ಅಂಥ ಫೋಟೋಗಳಿಂದ ಅಂತ ನನಗನಿಸುತ್ತೆ.

ಆಮೇಲೆ ಜಾಕಿ ಫೆಲನ್ ಬಂದಳು. 1983ರಿಂದ 85ರವರೆಗೆ ಮೂರು ವರ್ಷವೂ ಅಮೆರಿಕದ ಚಾಂಪಿಯನ್. ಹೆಂಗಸರಿಗೆ ಬೆಟ್ಟದ ಸವಾರಿ ಕಲಿಸೋಕೆ ಒಂದು ಸಂಘಾನೂ ಕಟ್ಟಿದಳು, ವಿಮೆನ್ಸ್ ಮೌಂಟನ್ ಬೈಕ್ ಅಂಡ್ ಟೀ ಸೊಸೈಟಿ. ಸಂಘದ ಹೆಸರಲ್ಲೇ ಚಹಾ! ಬೆಟ್ಟ ಸುತ್ತೋದು, ಕೂತು ಮಾತಾಡೋದು, ಎರಡೂ ಒಟ್ಟಿಗೆ. ಕಲಿಯೋಕೆ ಇದಕ್ಕಿಂತ ಒಳ್ಳೇ ಏರ್ಪಾಡು ಬೇಕಾ?

ನಿಮ್ಮ ಮಗಳು ಗೇರ್ ಸೈಕಲ್ ಕೇಳ್ತಿದ್ದಾಳಂತಲ್ಲ, ಯೋಚನೆ ಮಾಡ್ತಾ ಕೂರಬೇಡಿ, ಕೊಡಿಸಿಬಿಡಿ.